ಮಸ್ಟಾಂಗಿಗೆ ಮೂರನೇ ಪೆಡಲ್: ಆಟೋಮ್ಯಾಟಿಕ್ ಕಿತ್ತು ಟಿ-5 ಗೇರ್‌ಬಾಕ್ಸ್ ಹಾಕಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸಿಗೆ ಐದಕ್ಕೆ ಐದು. ಅದನ್ನು ಜೋಡಿಸಲು ಬೇಕಾದ ಉಳಿದ ಸಾಮಾನಿನ ಕಿಟ್ಟಿಗೆ ಎರಡೂವರೆ. ಎಲ್ಲಾ ಕೂರಿಸಿಕೊಟ್ಟ ಗ್ಯಾರೇಜಿನ ಯಜಮಾನರಿಗೆ ಎಷ್ಟು ಕೊಟ್ಟರೂ ಕಮ್ಮಿಯೇ. ಅವರ ಹೆಸರು ಹಾಕುತ್ತಿಲ್ಲ, ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಈಗಿರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಕಿಟ್ ಕಳಿಸಿದ ಕಂಪನಿಯ ಹೆಸರನ್ನೂ ಹಾಕುತ್ತಿಲ್ಲ. ಅವರು ಮಾಡಿದ ತಪ್ಪು ಇನ್ನೊಬ್ಬರೂ ಮಾಡಬಹುದಾದ್ದು, ಹಾಗಾಗಿ ಹೆಸರಿಗಿಂತ ಆ ತಪ್ಪು ಏನು ಅಂತ ಗೊತ್ತಿರುವುದೇ ಉಪಯೋಗ.

ಕಾರು 1967ರ ಫೋರ್ಡ್ ಮಸ್ಟಾಂಗ್, ಎರಡು ಬಾಗಿಲಿನ ಹಾರ್ಡ್‌ಟಾಪ್. ಒಳಗಿರುವುದು 289 ಘನ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬ್ಯುರೇಟರ್, ಆ ಕಾಲದ ಲೆಕ್ಕದಲ್ಲಿ 200 ಕುದುರೆ ಶಕ್ತಿ. ಚಾಸಿ ನಂಬರ್ 7ಎಫ್01ಸಿ ಅಂತ ಶುರುವಾಗುತ್ತದೆ. ಅಂದರೆ 67ರದ್ದು, ಡಿಯರ್‌ಬಾರ್ನ್ ಕಾರ್ಖಾನೆಯದ್ದು, ಹಾರ್ಡ್‌ಟಾಪ್, ಸಿ-ಕೋಡ್ ಇಂಜಿನ್. ನಾನಿರುವುದು ಡೆಟ್ರಾಯಿಟ್ ಪಕ್ಕದ ಊರಲ್ಲಿ, ಹಾಗಾಗಿ ಈ ಕಾರು ಹುಟ್ಟಿದ ಜಾಗ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಇದು ಮಸಲ್ ಕಾರೇ (ದೊಡ್ಡ ಇಂಜಿನ್ನಿನ ಜೋರು ಕಾರು) ಅಲ್ಲ, ಪೋನಿ ಕಾರು (ಅದಕ್ಕಿಂತ ಚಿಕ್ಕದು) ಅಂತ ಯಾರಾದರೂ ಜಗಳಕ್ಕೆ ಬರುತ್ತಾರೆ ಅಂತ ಗೊತ್ತು. ವುಡ್‌ವರ್ಡ್ ಅವೆನ್ಯೂದಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ಹಳೇ ಕಾರುಗಳ ಜಾತ್ರೆ ನಡೆಯುತ್ತಲ್ಲ, ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಅಜ್ಜಂದಿರ ಹತ್ತಿರ ಹೋಗಿ ಆ ಜಗಳ ಮಾಡಿ. ಅವರಿಗೂ ಹೊತ್ತು ಹೋಗುತ್ತದೆ.

ಇದರಲ್ಲಿ ಕಾರ್ಖಾನೆಯಿಂದಲೇ ಬಂದದ್ದು ಸಿ4 ಅನ್ನುವ ಮೂರು ಗೇರಿನ ಆಟೋಮ್ಯಾಟಿಕ್. ಸಿ4 ಕೆಟ್ಟ ಗೇರ್‌ಬಾಕ್ಸ್ ಅಲ್ಲ, 1964ರಿಂದ ಬಂದದ್ದು, ಗಟ್ಟಿಮುಟ್ಟು. ನನ್ನದೂ ಚೆನ್ನಾಗಿಯೇ ಓಡುತ್ತಿತ್ತು. ಮತ್ಯಾಕೆ ಕಿತ್ತೆ ಅಂದರೆ ಎರಡು ಕಾರಣ. ಒಂದು, ಸಿ4ನ ಮೂರನೇ ಗೇರು ಅಂದರೆ ನೇರ 1.00, ಇಂಜಿನ್ ಒಂದು ಸುತ್ತು ತಿರುಗಿದರೆ ಹಿಂದಕ್ಕೆ ಹೋಗುವ ಶಾಫ್ಟೂ ಒಂದೇ ಸುತ್ತು, ಅದರ ಮೇಲೆ ಇಂಜಿನ್ನನ್ನು ನಿಧಾನವಾಗಿ ತಿರುಗಲು ಬಿಡುವ ಓವರ್‌ಡ್ರೈವ್ ಇಲ್ಲ. ಹಿಂದಿನ ಆಕ್ಸಲ್ 3.00 (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಮೂರು ಸುತ್ತು) ಇದ್ದರೂ 70 ಮೈಲಿ ವೇಗದಲ್ಲಿ ಇಂಜಿನ್ ನಿಮಿಷಕ್ಕೆ 2,700 ಸುತ್ತಿಗಿಂತ ಮೇಲೆ ತಿರುಗುತ್ತಿತ್ತು, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಬೇಕಾದರೆ ಕೂಗಬೇಕು. ಎರಡನೆಯದು ನನ್ನ ಎಡಗಾಲು. ನಾನು ಡ್ರೈವಿಂಗ್ ಕಲಿತದ್ದು ಸಕಲೇಶಪುರದಲ್ಲಿ, ಅಪ್ಪನ ಅಂಬಾಸಿಡರ್‌ನಲ್ಲಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ ಇದ್ದ ಕಾಲದ ಗಾಡಿ ಅದು. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಹಾಫ್ ಕ್ಲಚ್ಚಿನಲ್ಲಿ ನಿಂತವನಿಗೆ ಎಡಗಾಲಿಗೆ ಕೆಲಸ ಇಲ್ಲದಿದ್ದರೆ ಏನೋ ಮರೆತಂತೆ ಇರುತ್ತದೆ. ಈ ಕಾರು ತಂದ ಮೊದಲ ವಾರ ಸಿಗ್ನಲ್ ಹತ್ತಿರ ಎಡಗಾಲು ತಾನೇ ಹೋಗಿ, ಆಟೋಮ್ಯಾಟಿಕ್ ಕಾರಿನ ಆ ಅಗಲವಾದ ಬ್ರೇಕ್ ಪೆಡಲನ್ನು ಕ್ಲಚ್ ಅಂದುಕೊಂಡು ಒತ್ತಿಬಿಟ್ಟಿತು. ಹೆಂಡತಿಯ ಕೈಯಲ್ಲಿದ್ದ ಕಾಫಿ ಎಲ್ಲಿ ಹೋಯಿತು ಅಂತ ಕೇಳಬೇಡಿ.

ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅಲ್ಲ ಕಣೋ, ಇಲ್ಲಿ ಎಲ್ಲರೂ ಗೇರು ಹಾಕಿ ಹಾಕಿ ಸಾಕಾಯ್ತು ಅಂತ ದುಡ್ಡು ಜಾಸ್ತಿ ಕೊಟ್ಟು ಆಟೋಮ್ಯಾಟಿಕ್ ತಗೋತಿದಾರೆ. ನೀನು ದುಡ್ಡು ಕೊಟ್ಟು ಅದನ್ನ ಕೀಳಿಸ್ತೀಯಾ?” ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ.

ಈಗ ಯಾವ ಗೇರ್‌ಬಾಕ್ಸ್ ಅನ್ನೋ ಪ್ರಶ್ನೆ. ಹಳೇ ಮಸ್ಟಾಂಗಿಗೆ ಮೂರು ದಾರಿ ಇವೆ. ಆ ಕಾಲದ್ದೇ ಆದ ಟಾಪ್‌ಲೋಡರ್ ನಾಲ್ಕು ಗೇರಿನದ್ದು ಹಾಕಿದರೆ ಕಾರು ಕಾರ್ಖಾನೆಯಿಂದ ಬಂದ ಹಾಗೇ ಕಾಣುತ್ತದೆ, ಉಕ್ಕಿನ ಹಾಗೆ ಗಟ್ಟಿ, ಆದರೆ ಅದರಲ್ಲೂ ಓವರ್‌ಡ್ರೈವ್ ಇಲ್ಲ. ನನ್ನ ಮೊದಲ ಕಾರಣವೇ ಅಲ್ಲಿಗೆ ಬಿದ್ದುಹೋಯಿತು. ಟ್ರೆಮೆಕ್ ಕಂಪನಿಯ ಹೊಸ ಟಿಕೆಎಕ್ಸ್ ಇದೆ, ಐದು ಗೇರು, 600 ಪೌಂಡ್-ಅಡಿ ಟಾರ್ಕ್ (ತಿರುಗಿಸುವ ಬಲ) ತಡೆಯುತ್ತದೆ. ದೊಡ್ಡ ಇಂಜಿನ್ ಇರುವವರು, ಇಂಜಿನ್ನಿಗೆ ಕೈ ಹಾಕಿ ಶಕ್ತಿ ಏರಿಸಿದವರು ಸುಮ್ನೆ ಅದನ್ನೇ ತಗೊಳ್ಳಿ, ಯೋಚನೆ ಮಾಡಬೇಡಿ. ನನ್ನ ಇಂಜಿನ್ ಕೊಡುವುದು ಕಾರ್ಖಾನೆಯ ಲೆಕ್ಕದಲ್ಲಿ 282 ಪೌಂಡ್-ಅಡಿ. ಅದಕ್ಕೆ ಟಿಕೆಎಕ್ಸ್ ಹಾಕುವುದು ಇಬ್ಬರಿಗೆ ಅಡುಗೆ ಮಾಡೋಕೆ ಮದುವೆ ಮನೆ ಕೊಪ್ಪರಿಗೆ ತಂದ ಹಾಗೆ. ದುಡ್ಡೂ ಜಾಸ್ತಿ.

ಉಳಿದದ್ದು ಟಿ-5. ಬೋರ್ಗ್‌ವಾರ್ನರ್ ಮಾಡುತ್ತಿದ್ದ ಐದು ಗೇರಿನ ಹಗುರ ಗೇರ್‌ಬಾಕ್ಸ್ ಇದು, ಆಮೇಲೆ ಟ್ರೆಮೆಕ್ ಕೈಗೆ ಬಂತು. 80ರ ದಶಕದ 5.0 ಲೀಟರ್ ಇಂಜಿನ್ನಿನ ಮಸ್ಟಾಂಗ್‌ಗಳಲ್ಲಿ ಇದ್ದದ್ದು ಇದೇ. ತೂಕ ಸುಮಾರು 75 ಪೌಂಡ್, ಅಂದರೆ 34 ಕೆಜಿ. ಗೇರಿನ ಅನುಪಾತ ಮೊದಲನೆಯದು 3.35, ಐದನೆಯದು 0.68. ಐದನೆಯದಕ್ಕೆ ಹಾಕಿದರೆ ಇಂಜಿನ್ ವೇಗ ನೂರಕ್ಕೆ 32ರಷ್ಟು ಇಳಿಯುತ್ತದೆ, ಅಷ್ಟೇ ನನಗೆ ಬೇಕಾಗಿದ್ದು.

ಆದರೆ ಹಳೇ ಟಿ-5 ಕೊಳ್ಳುವಾಗ ಕಣ್ಣು ಬಿಟ್ಟುಕೊಂಡು ಕೊಳ್ಳಿ. ಟಿ-5 ಅಂತ ಕರೆಯುವ ಗೇರ್‌ಬಾಕ್ಸುಗಳು ಹತ್ತಾರು ತರ ಇವೆ, ಷೆವರ್ಲೆಗೆ ಮಾಡಿದ್ದು, ಜೀಪಿಗೆ ಮಾಡಿದ್ದು, ನಾಲ್ಕು ಸಿಲಿಂಡರಿನ ಕಾರಿಗೆ ಮಾಡಿದ್ದು, ಹೊರಗಿಂದ ನೋಡಿದರೆ ಎಲ್ಲಾ ಅಣ್ಣತಮ್ಮಂದಿರೇ. ಹಿಂಭಾಗದ ಬೋಲ್ಟಿಗೆ ಒಂದು ಚಿಕ್ಕ ತಗಡು ಸಿಕ್ಕಿಸಿರುತ್ತಾರೆ, ಅದರ ಮೇಲೆ 1352 ಅಂತ ಶುರುವಾಗುವ ನಂಬರ್ ಇರುತ್ತದೆ. ಆ ನಂಬರ್ ನೋಡಿದರೆ ಯಾವ ಕಾರಿನದ್ದು, ಯಾವ ಕಾಲದ್ದು ಅಂತ ಗೊತ್ತಾಗುತ್ತದೆ. ತಗಡು ಇಲ್ಲ, ಬಿದ್ದುಹೋಗಿದೆ ಅಂತ ಮಾರುವವರು ಹೇಳಿದರೆ ಅಲ್ಲಿಂದ ಹೊರಟುಬಿಡಿ. ಮಸ್ಟಾಂಗಿನಲ್ಲಿ 1985ರಿಂದ ಬಂದದ್ದು ವರ್ಲ್ಡ್ ಕ್ಲಾಸ್ ಅನ್ನುವ ಸುಧಾರಿಸಿದ ತಳಿ. 1985ರಿಂದ 89ರವರೆಗಿನದ್ದಕ್ಕೆ ತಡೆಯುವ ಮಿತಿ 265 ಪೌಂಡ್-ಅಡಿ, 1990ರಿಂದ 93ರವರೆಗಿನದ್ದಕ್ಕೆ 300. ನನ್ನ 282 ಎಲ್ಲಿ ಬೀಳುತ್ತದೆ ನೋಡಿ. ಹಾಗಾಗಿ 1990ರ ನಂತರದ್ದನ್ನೇ ಹುಡುಕಿದೆ. 1994-95ರದ್ದು ಬೇಡ, ಅದರ ಮುಂದಿನ ಶಾಫ್ಟ್ ಉದ್ದ ಜಾಸ್ತಿ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೇರೆ ಬೆಲ್‌ಹೌಸಿಂಗ್ ಬೇಕಾಗುತ್ತದೆ. ಕೊನೆಗೆ ಒಂದು ಸಿಕ್ಕಿತು, 650 ಡಾಲರ್. ಬೇರಿಂಗು, ಸಿಂಕ್ರೊ ರಿಂಗು ಎಲ್ಲಾ ಹೊಸದು ಹಾಕಿಸಲು ಇನ್ನೊಂದು 550.

ಉಳಿದ ಸಾಮಾನಿಗೆ ಕಿಟ್. 1,850 ಡಾಲರ್ ಕೊಟ್ಟೆ. “65ರಿಂದ 70ರವರೆಗಿನ ಮಸ್ಟಾಂಗಿಗೆ ಎಲ್ಲಾ ಇದರಲ್ಲೇ ಇದೆ, ಬೋಲ್ಟ್ ಹಾಕಿದರೆ ಆಯಿತು” ಅನ್ನೋ ಅರ್ಥ ಬರುವ ಮಾತು ಜಾಹೀರಾತಲ್ಲಿತ್ತು. ಬೆಲ್‌ಹೌಸಿಂಗ್, ಫ್ಲೈವೀಲ್ (ಇಂಜಿನ್ ಹಿಂದೆ ತಿರುಗುವ ಭಾರದ ಚಕ್ರ), ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಕ್ಲಚ್ ಕೇಬಲ್, ಪೆಡಲ್ ಜೋಡಿ, ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿ, ಗೇರ್‌ಬಾಕ್ಸಿನ ಶಾಫ್ಟಿನ ತುದಿ ಕೂರುವ ಪೈಲಟ್ ಬುಷ್, ಒಂದು ಚೀಲ ಬೋಲ್ಟು. ಡಬ್ಬ ಬಿಚ್ಚಿದಾಗ ಖುಷಿ ಆಯಿತು, ಸುಳ್ಳು ಹೇಳಲ್ಲ. ಪೆಡಲ್‌ಗಳು ನಿಜಕ್ಕೂ ಚೆನ್ನಾಗಿದ್ದವು, ಪ್ಲಾಸ್ಟಿಕ್ ಬುಷ್ ಬದಲಿಗೆ ರೋಲರ್ ಬೇರಿಂಗ್ ಇದ್ದವು. ಅಡ್ಡಪಟ್ಟಿ ಒಂದೇ ಸಲಕ್ಕೆ ತೂತಿಗೆ ತೂತು ಕೂತಿತು.

ಇಲ್ಲದೇ ಇದ್ದದ್ದು ಹೇಳುತ್ತೇನೆ. ಇಂಜಿನ್ನಿಗೂ ಬೆಲ್‌ಹೌಸಿಂಗಿಗೂ ನಡುವೆ ಒಂದು ತೆಳು ತಗಡಿನ ಬ್ಲಾಕ್ ಪ್ಲೇಟ್ ಬರುತ್ತದೆ, ಅದು ಇರಲಿಲ್ಲ. ಆಟೋಮ್ಯಾಟಿಕ್ಕಿನದ್ದೇ ಹಾಕಿ ಅಂತ ಫೋನಿನಲ್ಲಿ ಹೇಳಿದರು, ಅದು ಹೊಂದಲಿಲ್ಲ. ನಮ್ಮ ಕಾರಿನಲ್ಲಿ ಆಟೋಮ್ಯಾಟಿಕ್ಕಿನ ವ್ಯಾಕ್ಯೂಮ್ ಮಾಡ್ಯುಲೇಟರಿಗೆ (ಇಂಜಿನ್ನಿನ ಎಳೆತ ನೋಡಿ ಗೇರು ಬದಲಿಸಲು ನೆರವಾಗುವ ಭಾಗ) ಇನ್‌ಟೇಕಿನಿಂದ ಒಂದು ಸಣ್ಣ ಪೈಪು ಹೋಗುತ್ತದೆ, ಸಿ4 ಕಿತ್ತ ಮೇಲೆ ಆ ಬಾಯಿ ಮುಚ್ಚಬೇಕು, ಇಲ್ಲವಾದರೆ ಇಂಜಿನ್ ಗಾಳಿ ಎಳೆದುಕೊಂಡು ಐಡ್ಲಿಂಗಿನಲ್ಲಿ ತತ್ತರಿಸುತ್ತದೆ. ಎರಡು ಡಾಲರಿನ ರಬ್ಬರ್ ಟೋಪಿ ಅದು. ಡಬ್ಬದಲ್ಲೂ ಇಲ್ಲ, ಪುಸ್ತಕದಲ್ಲೂ ಒಂದು ಮಾತಿಲ್ಲ. ರೇಡಿಯೇಟರಿಗೆ ಹೋಗುತ್ತಿದ್ದ ಎಣ್ಣೆ ಪೈಪುಗಳ ಬಾಯಿ ಮುಚ್ಚೋಕೂ ಏನೂ ಇಲ್ಲ. ಇನ್ನು ನ್ಯೂಟ್ರಲ್ ಸ್ವಿಚ್ಚು. ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗೋ ಹಾಗೆ ಒಂದು ಸ್ವಿಚ್ ಇರುತ್ತದೆ. ಗೇರ್‌ಬಾಕ್ಸ್ ಹೋದರೆ ಆ ಸ್ವಿಚ್ಚೂ ಹೋಯಿತು, ಕೀ ತಿರುಗಿಸಿದರೆ ಟಕ್ ಅಂತಲೂ ಅನ್ನಲ್ಲ. ಆ ವೈರುಗಳನ್ನು ಕ್ಲಚ್ ಪೆಡಲಿಗೆ ಒಂದು ಸ್ವಿಚ್ ಹಾಕಿ ಅದಕ್ಕೆ ಸೇರಿಸುವುದು ಸರಿಯಾದ ದಾರಿ. ತುಂಬಾ ಜನ ಎರಡೂ ವೈರು ಸೇರಿಸಿ ಟೇಪ್ ಸುತ್ತಿ ಬಿಡುತ್ತಾರೆ. ಮಾಡಬೇಡಿ. ಗೇರಿನಲ್ಲಿ ನಿಂತ ಕಾರಿಗೆ ಮಗು ಕೀ ತಿರುಗಿಸಿದರೂ ಅದು ಮುಂದಕ್ಕೆ ಹಾರುತ್ತದೆ.

ಕೆಲಸ ನಡೆದದ್ದು ಫೆಬ್ರವರಿಯಲ್ಲಿ. ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಳೇ ಕಾರನ್ನು ಯಾರೂ ಹೊರಗೆ ತೆಗೆಯಲ್ಲ, ಹಾಗಾಗಿ ಇಂಥ ಕೆಲಸಕ್ಕೆಲ್ಲ ಅದೇ ಸೀಸನ್. ನಮ್ಮ ಯಜಮಾನರಿಗೆ ಎಪ್ಪತ್ತು ದಾಟಿದೆ. ಮನೆ ಹಿಂದಿನ ಶೆಡ್ಡೇ ಗ್ಯಾರೇಜು, ಎರಡು ಕಾರು ನಿಲ್ಲುವಷ್ಟು ಜಾಗ, ಒಂದು ಲಿಫ್ಟು, ಒಂದು ಸೀಮೆಎಣ್ಣೆ ಹೀಟರು. ಗಂಟೆಗೆ 80 ಡಾಲರ್. ನನ್ನನ್ನೂ ಕೈ ಹಾಕಲು ಬಿಡುತ್ತಾರೆ, ಅದಕ್ಕೆ ರಿಯಾಯಿತಿ ಇಲ್ಲ. ನೀನು ಇದ್ದರೆ ಕೆಲಸ ನಿಧಾನ ಆಗುತ್ತೆ, ಲೆಕ್ಕ ಹಾಕಿದರೆ ನೀನೇ ನನಗೆ ಜಾಸ್ತಿ ಕೊಡಬೇಕು ಅಂತ ನಗುತ್ತಾರೆ.

ಸಿ4 ಇಳಿಸಿ, ಫ್ಲೆಕ್ಸ್‌ಪ್ಲೇಟ್ (ಆಟೋಮ್ಯಾಟಿಕ್ಕಿಗೆ ಫ್ಲೈವೀಲ್ ಬದಲು ಇರುವ ತೆಳು ತಟ್ಟೆ) ಬಿಚ್ಚಿ, ಇಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕಿನ ಹಿಂದೆ ಪೈಲಟ್ ಬುಷ್ ಹೊಡೆದು ಕೂರಿಸಿ, ಫ್ಲೈವೀಲ್ ಹಾಕುವಷ್ಟರಲ್ಲಿ ಒಂದು ಶನಿವಾರ ಮುಗಿಯಿತು. ಇಲ್ಲಿ ಫೋರ್ಡಿನವರು ಪುಣ್ಯವಂತರು. ಈ ಚಿಕ್ಕ ವಿ8ರಲ್ಲಿ ಆಟೋಮ್ಯಾಟಿಕ್ ಕಾರಿನ ಕ್ರ್ಯಾಂಕಿಗೂ ಪೈಲಟ್ ಬುಷ್ಷಿಗೆ ಜಾಗ ಕೊರೆದೇ ಇರುತ್ತದೆ. ಹಳೇ ಡಾಡ್ಜ್, ಪ್ಲಿಮತ್ ಇಟ್ಟುಕೊಂಡವರು ಮೊದಲು ಅದನ್ನು ನೋಡಿ. ಅವುಗಳ ಎಷ್ಟೋ ಆಟೋಮ್ಯಾಟಿಕ್ ಕ್ರ್ಯಾಂಕುಗಳಲ್ಲಿ ಆ ತೂತನ್ನು ಪೂರ್ತಿ ಕೊರೆದಿರುವುದಿಲ್ಲ, ಬೇರೆ ತರದ ಬೇರಿಂಗ್ ಹಾಕಬೇಕು, ಇಲ್ಲವೇ ಗೇರ್‌ಬಾಕ್ಸಿನ ಶಾಫ್ಟಿನ ತುದಿ ಕತ್ತರಿಸಬೇಕು. ಗೇರ್‌ಬಾಕ್ಸ್ ಎತ್ತಿ ಹಿಡಿದುಕೊಂಡ ಮೇಲೆ ಇದು ಗೊತ್ತಾದರೆ ಅಳು ಬರುತ್ತದೆ.

ಪೆಡಲ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಡ್ರೈವರ್ ಸೀಟು ಬಿಚ್ಚಿ, ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು, ಡ್ಯಾಶ್‌ಬೋರ್ಡ್ ಅಡಿಗೆ ಮುಖ ತೂರಿಸಿ, 50 ವರ್ಷಕ್ಕೂ ಹಳೇ ಧೂಳು ಬಾಯಿಗೆ ಬೀಳಿಸಿಕೊಂಡು ನಾಲ್ಕು ಗಂಟೆ. ಪುಸ್ತಕದಲ್ಲಿ ಒಂದು ಗಂಟೆ ಅಂತ ಬರೆದಿದ್ದಾರೆ. ಬರೆದವರು ನನ್ನ ಹಾಗೆ ಹೊಟ್ಟೆ ಬೆಳೆಸಿಕೊಂಡಿಲ್ಲ ಅಂತ ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಇದನ್ನು ಬರೆಯಲು ಕೂತದ್ದೇ ಇದಕ್ಕೆ. ಬೆಲ್‌ಹೌಸಿಂಗ್ ಅಂದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆ ಆಕಾರದ ಅಲ್ಯೂಮಿನಿಯಂ ಚಿಪ್ಪು. ಅದರ ಮಧ್ಯದಲ್ಲಿ ಒಂದು ದುಂಡನೆ ತೂತು, ಗೇರ್‌ಬಾಕ್ಸಿನ ಮೂತಿ ಅದರಲ್ಲಿ ಕೂರುತ್ತದೆ. ಆ ತೂತಿನ ನಡುಮಧ್ಯವೂ ಕ್ರ್ಯಾಂಕಿನ ನಡುಮಧ್ಯವೂ ಒಂದೇ ಗೆರೆಯಲ್ಲಿ ಇರಬೇಕು. ಇಂಜಿನ್ ಒಂದು ಕಡೆ ಮಾಡಿದ್ದು, ಚಿಪ್ಪು ಇನ್ನೊಂದು ಕಡೆ ಮಾಡಿದ್ದು, ಹಾಗಾಗಿ ತಾನಾಗಿ ಒಂದೇ ಗೆರೆಗೆ ಬರುತ್ತದೆ ಅಂತ ನಂಬೋ ಹಾಗಿಲ್ಲ. ಅಳೆಯಬೇಕು. ಫ್ಲೈವೀಲಿಗೆ ಅಯಸ್ಕಾಂತದ ಕಾಲಿರುವ ಡಯಲ್ ಗೇಜ್ ಅಂಟಿಸಿ, ಅದರ ಮುಳ್ಳಿನ ತುದಿ ತೂತಿನ ಒಳಗೋಡೆಗೆ ತಾಗಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ಇಂಜಿನ್ನನ್ನು ಕೈಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಮುಳ್ಳು ಎಷ್ಟು ಅಲ್ಲಾಡುತ್ತದೆ ಅಂತ ಕಾಣುತ್ತದೆ. ಒಟ್ಟು 0.005 ಇಂಚಿಗಿಂತ ಜಾಸ್ತಿ ಇರಬಾರದು. ತಲೆಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ನಮ್ಮದು 0.013 ತೋರಿಸಿತು. ನನಗೆ ಅದು ಏನೂ ಅನ್ನಿಸಲಿಲ್ಲ. ಯಜಮಾನರು ಗೇಜ್ ಬಿಚ್ಚಿ, ಮತ್ತೆ ಹಾಕಿ, ಮೂರು ಸಲ ತಿರುಗಿಸಿದರು. ಮೂರು ಸಲವೂ ಅದೇ. ಹೀಗೇ ಹಾಕಿದರೂ ಓಡುತ್ತೆ, ಆದರೆ ಗೇರು ಬೀಳೋದು ಬಿಗಿ ಇರುತ್ತೆ, ಆರು ತಿಂಗಳಿಗೆ ಪೈಲಟ್ ಬುಷ್ ಸವೆಯುತ್ತೆ, ಆಮೇಲೆ ನೀನು ಗೇರ್‌ಬಾಕ್ಸ್ ಸರಿಯಿಲ್ಲ ಅಂತ ಬೈಕೊಂಡು ತಿರುಗ್ತೀಯ ಅಂದರು. ಇದಕ್ಕೆ ಮದ್ದು ಆಫ್‌ಸೆಟ್ ಡೋವೆಲ್ ಪಿನ್. ಇಂಜಿನ್ನಿನ ಹಿಂಭಾಗದಲ್ಲಿ ಚಿಪ್ಪನ್ನು ಜಾಗಕ್ಕೆ ಹಿಡಿಯುವ ಎರಡು ಗೂಟಗಳಿವೆ, ಅವನ್ನು ತೆಗೆದು ಸ್ವಲ್ಪ ಓರೆ ಮಾಡಿ ಕಡೆದ ಗೂಟ ಹಾಕುವುದು. 0.007, 0.014, 0.021 ಅಂತ ಮೂರು ಅಳತೆಯಲ್ಲಿ ಸಿಗುತ್ತವೆ. ಗೇಜ್ ತೋರಿಸಿದ್ದರ ಅರ್ಧ ಎಷ್ಟೋ ಅಷ್ಟು ಸರಿಸಬೇಕು, ನಮ್ಮದಕ್ಕೆ 0.007 ಸಾಕಾಯಿತು. 45 ಡಾಲರ್, ಮೂರು ಗಂಟೆ ಕೆಲಸ. ತಿರುಗಿಸಿ ತಿರುಗಿಸಿ ಸರಿಯಾದ ದಿಕ್ಕಿಗೆ ತಂದ ಮೇಲೆ ಮುಳ್ಳು 0.002ರಲ್ಲಿ ನಿಂತಿತು.

ಕಿಟ್ಟಿನ ಪುಸ್ತಕದಲ್ಲಿ ಇದರ ಬಗ್ಗೆ ಇರುವುದು ಒಂದೇ ಒಂದು ಸಾಲು, ಅದೂ ಕೊನೆಯ ಪುಟದಲ್ಲಿ, ವಾರಂಟಿ ಷರತ್ತುಗಳ ನಡುವೆ. ಅಳೆಯದೆ ಹಾಕಿದ್ದರೆ ವಾರಂಟಿ ಇಲ್ಲ ಅಂತ. ಹೇಗೆ ಅಳೆಯುವುದು ಅಂತ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿ. ಟಿ-5 ಹಾಕಿಸಿ ಗೇರು ಬೀಳಲ್ಲ, ಕಿರಕಿರ ಅನ್ನುತ್ತೆ, ಮೂರನೇ ಗೇರಿನಿಂದ ಜಾರುತ್ತೆ ಅಂತ ಬೈಯುವವರನ್ನು ನಾನೇ ಎಷ್ಟೋ ಜನ ನೋಡಿದ್ದೇನೆ. ಅಳೆಸಿದ್ರಾ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಇನ್ನೊಂದು ಕಾರಣ ಎಣ್ಣೆ. ವರ್ಲ್ಡ್ ಕ್ಲಾಸ್ ಟಿ-5ಗೆ ಹಾಕಬೇಕಾದ್ದು ಡೆಕ್ಸ್‌ರಾನ್, ಅದೇ ಆಟೋಮ್ಯಾಟಿಕ್ಕಿಗೆ ಹಾಕುವ ಕೆಂಪು ಎಣ್ಣೆ. ಗೇರ್‌ಬಾಕ್ಸ್ ಅಂದ ಮೇಲೆ 90 ನಂಬರ್ ಗೇರ್ ಆಯಿಲ್ ಅಂತ ನಮ್ಮ ಕಡೆ ಮೆಕ್ಯಾನಿಕ್‌ಗಳ ಹಾಗೆ ಗಟ್ಟಿ ಎಣ್ಣೆ ಸುರಿದರೆ ಚಳಿಯಲ್ಲಿ ಎರಡನೇ ಗೇರಿಗೆ ಬೀಳಿಸೋಕೆ ಎರಡೂ ಕೈ ಬೇಕು.

ಎಲ್ಲಾ ಜೋಡಿಸಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ, ಸಿ4ನ ಜೊತೆಗಿದ್ದ ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಅಳತೆಗೆ ಮಾಡಿಸಿ, ಅದನ್ನು ಬ್ಯಾಲೆನ್ಸ್ ಮಾಡಿಸಿ, 320 ಡಾಲರ್ ಅಲ್ಲಿಗೆ ಕೊಟ್ಟು, ಮಾರ್ಚ್ ಮೊದಲ ವಾರ ಇಂಜಿನ್ ಸ್ಟಾರ್ಟ್ ಮಾಡಿದೆವು. ಐಡ್ಲಿಂಗಿನಲ್ಲಿ ಪರವಾಗಿಲ್ಲ ಅನ್ನಿಸಿತು. ಸ್ವಲ್ಪ ಆಕ್ಸಿಲರೇಟರ್ ಒತ್ತಿದೆ. 1,500 ದಾಟಿದ್ದೇ ತಡ, ಇಡೀ ಕಾರು ನಡುಗೋಕೆ ಶುರು. ಕನ್ನಡಿಯಲ್ಲಿ ಹಿಂದೆ ನಿಂತ ಯಜಮಾನರು ಮೂರು ಜನ ಆಗಿ ಕಾಣುತ್ತಿದ್ದರು. ನನ್ನ ಮನಸ್ಸಿಗೆ ಬಂದದ್ದು ಪ್ರೊಪೆಲ್ಲರ್ ಶಾಫ್ಟ್ ಮಾಡಿದವನ ತಪ್ಪು ಅಂತ. ಯಜಮಾನರು ತಲೆ ಅಲ್ಲಾಡಿಸಿದರು. ಕಾರು ನಿಂತಿದೆ, ನ್ಯೂಟ್ರಲ್‌ನಲ್ಲಿದೆ, ಶಾಫ್ಟ್ ತಿರುಗುತ್ತಲೇ ಇಲ್ಲ. ಕ್ಲಚ್ ಒತ್ತು ಅಂದರು. ಒತ್ತಿದೆ, ಗೇರ್‌ಬಾಕ್ಸ್ ಬಿಟ್ಟುಹೋಯಿತು, ನಡುಕ ಹೋಗಲಿಲ್ಲ. ಅಂದ ಮೇಲೆ ಕ್ರ್ಯಾಂಕಿನ ಜೊತೆಗೇ ತಿರುಗೋದು ಯಾವುದೋ ಅದರದ್ದೇ ತಪ್ಪು. ಫ್ಲೈವೀಲ್.

ಎಲ್ಲಾ ಮತ್ತೆ ಇಳಿಸಿದೆವು.

ವಿಷಯ ಇಷ್ಟೇ. ಫೋರ್ಡಿನ ಈ ಚಿಕ್ಕ ವಿ8ರಲ್ಲಿ ಕ್ರ್ಯಾಂಕ್ ಒಂದೇ ತನ್ನ ಸಮತೋಲ ನೋಡಿಕೊಳ್ಳುವುದಿಲ್ಲ, ಮುಂದಿನ ಬ್ಯಾಲೆನ್ಸರ್ ಮತ್ತು ಹಿಂದಿನ ಫ್ಲೈವೀಲಿನಲ್ಲಿ ಬೇಕಂತಲೇ ಒಂದು ಕಡೆ ತೂಕ ಜಾಸ್ತಿ ಇಟ್ಟಿರುತ್ತಾರೆ. 289ಕ್ಕೂ ಹಳೇ 302 ಘನ ಇಂಚಿನದ್ದಕ್ಕೂ ಆ ತೂಕದ ಲೆಕ್ಕ 28 ಔನ್ಸ್. 80ರ ದಶಕದ ಶುರುವಿನಲ್ಲಿ ಅದೇ 302ಕ್ಕೆ, ಅಂದರೆ 5.0 ಅಂತ ಕರೆಯೋಕೆ ಶುರು ಮಾಡಿದ ಇಂಜಿನ್ನಿಗೆ, ಅದನ್ನು 50 ಔನ್ಸಿಗೆ ಬದಲಿಸಿದರು. ಎರಡಕ್ಕೂ 157 ಹಲ್ಲಿನ ಫ್ಲೈವೀಲ್ ಬರುತ್ತದೆ, ಎರಡೂ ಅದೇ ಬೋಲ್ಟಿಗೆ ಕೂರುತ್ತವೆ, ಎರಡನ್ನೂ ಡಬ್ಬದ ಮೇಲೆ 302ದ್ದು ಅಂತ ಬರೆಯಬಹುದು. ನನ್ನ ಕಿಟ್ಟಿನಲ್ಲಿ ಬಂದದ್ದು 50 ಔನ್ಸಿನದ್ದು. ಟಿ-5 ಅಂದ ತಕ್ಷಣ 5.0 ಅಂದುಕೊಂಡು ಡಬ್ಬಕ್ಕೆ ಹಾಕಿದವನು ಅದನ್ನೇ ಎತ್ತಿ ಹಾಕಿದ್ದಾನೆ. ಪಕ್ಕದಲ್ಲಿಟ್ಟು ನೋಡಿದರೆ ತೂಕದ ತುಂಡು ಎಷ್ಟು ದೊಡ್ಡದು ಅಂತ ಕಣ್ಣಿಗೇ ಕಾಣುತ್ತದೆ, ಆದರೆ ಪಕ್ಕದಲ್ಲಿಡೋಕೆ ಇನ್ನೊಂದು ಇರಬೇಕಲ್ಲ. ಯಜಮಾನರೂ ಒಪ್ಪಿಕೊಂಡರು, ನಾನು ಡಬ್ಬದ ನಂಬರ್ ನೋಡಬೇಕಿತ್ತು, ನೋಡಲಿಲ್ಲ ಅಂತ. ಎರಡನೇ ಸಲ ಇಳಿಸಿ ಹತ್ತಿಸಿದ್ದಕ್ಕೆ ಹಿಡಿದ ಗಂಟೆಗಳಲ್ಲಿ ಅರ್ಧಕ್ಕೆ ಮಾತ್ರ ದುಡ್ಡು ತಗೊಂಡರು.

ಕಿಟ್ ಕಂಪನಿಯವರಿಗೆ ಫೋಟೋ ಕಳಿಸಿದೆ. ಒಳ್ಳೇ ಮಾತಲ್ಲೇ ಉತ್ತರ ಕೊಟ್ಟರು, ಅದನ್ನು ಹೇಳಲೇಬೇಕು. ಸರಿಯಾದ ಫ್ಲೈವೀಲ್ ಕಳಿಸಿದರು. ಆದರೆ ತಪ್ಪು ಫ್ಲೈವೀಲ್ ವಾಪಸ್ ಕಳಿಸುವ 60 ಡಾಲರ್ ನನ್ನದೇ, ಮೂರು ವಾರ ಕಾದದ್ದು ನಾನೇ, ಮಜೂರಿ ನಮಗೆ ಸಂಬಂಧವಿಲ್ಲ ಅಂದರು. ಇಂಜಿನ್ ಯಾವ ವರ್ಷದ್ದು ಅಂತ ಆರ್ಡರ್ ಮಾಡುವಾಗ ಒಂದು ಪ್ರಶ್ನೆ ಕೇಳಿದ್ದರೆ ಇದೆಲ್ಲಾ ಆಗುತ್ತಲೇ ಇರಲಿಲ್ಲ. ಅವರು ಕೇಳಿದ್ದು ಕಾರು ಯಾವ ವರ್ಷದ್ದು ಅಂತ ಮಾತ್ರ. 67ರ ಕಾರಿನಲ್ಲಿ 87ರ ಇಂಜಿನ್ ಇರುವವರು ಎಷ್ಟೋ ಜನ ಇದ್ದಾರೆ. ಅದಕ್ಕೇ ಎರಡೂವರೆ.

ಏಪ್ರಿಲ್‌ನಲ್ಲಿ ಮಳೆ ಬಂದು ರಸ್ತೆಯ ಉಪ್ಪು ತೊಳೆದು ಹೋದ ಮೇಲೆ ಮೊದಲ ಸಲ ಹೊರಗೆ ತೆಗೆದೆ. ಇದನ್ನು ಹೇಗೆ ಬರೆಯಲಿ ಗೊತ್ತಿಲ್ಲ. ಅದೇ ಇಂಜಿನ್, ಅದೇ 200 ಕುದುರೆ, ಆದರೆ ಕಾರಿನ ವಯಸ್ಸು ಅರ್ಧ ಆದ ಹಾಗಿತ್ತು. ಸಿ4ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸ್ವಲ್ಪ ಯೋಚನೆ ಮಾಡಿ ಆಮೇಲೆ ಹೋಗುತ್ತಿತ್ತು. ಈಗ ಎರಡನೇ ಗೇರಿನಲ್ಲಿ ಕಾಲು ಒತ್ತಿದಷ್ಟೂ ಅಲ್ಲೇ, ಆ ಕ್ಷಣವೇ. ಕಾಲು ತೆಗೆದರೆ ಇಂಜಿನ್ ಹಿಡಿದುಕೊಳ್ಳುತ್ತದೆ, ಸೈಲೆನ್ಸರಿನಲ್ಲಿ ಗುಡುಗುಡು ಅಂತ ಒಂದು ಸದ್ದು ಬರುತ್ತದೆ, ಅದೊಂದಕ್ಕೇ ಸಾವಿರ ಡಾಲರ್ ಕೊಡಬಹುದು. ಕ್ಲಚ್ ಅಂಬಾಸಿಡರಿನದ್ದಕ್ಕಿಂತ ಹಗುರ. ಮೊದಲ 500 ಮೈಲಿ ಊರೊಳಗೇ ಓಡಿಸಿ ಕ್ಲಚ್ ಪಳಗಿಸು ಅಂದಿದ್ದರು, ಪಾಲಿಸಿದೆ. ಆಟೋಮ್ಯಾಟಿಕ್ ಇದ್ದಾಗ ಡ್ರೈವ್‌ನಲ್ಲಿ ನಿಂತಾಗ ಇಂಜಿನ್ ಆಫ್ ಆಗದ ಹಾಗೆ ಐಡ್ಲಿಂಗ್ ಏರಿಸಿಟ್ಟಿದ್ದರು, ಅದನ್ನೂ ಇಳಿಸಿದೆವು, ಇಲ್ಲವಾದರೆ ಸಿಗ್ನಲ್‌ನಲ್ಲಿ ಸುಮ್ನೆ ಬೊಬ್ಬೆ ಹೊಡೆಯುತ್ತಿತ್ತು.

ಗೇರ್ ಕಡ್ಡಿಯ ಬಗ್ಗೆ ಒಂದು ಗೊಣಗಾಟ. ಟಿ-5 ಜೊತೆ ಬಂದ ಹಳೇ ಶಿಫ್ಟರಿನ ಓಟ ಉದ್ದ, ರಬ್ಬರ್ ರಬ್ಬರಾಗಿ ಇರುತ್ತದೆ, ಹಿಟ್ಟು ಕಲಸುವ ಹಾಗೆ. ಚಿಕ್ಕ ಓಟದ ಶಿಫ್ಟರ್ ಬೇರೆ ಸಿಗುತ್ತದೆ, ಎರಡೂ ಕಡೆ ತಡೆ ಬೋಲ್ಟ್ ಇರುವಂಥದ್ದು ಹಾಕಿಸಿ, ಗೇರ್ ಒಳಗಿನ ಫೋರ್ಕ್ ಬಾಗುವುದೂ ತಪ್ಪುತ್ತದೆ. ನೆಲದ ತೂತು ನನ್ನ ಕಾರಿನಲ್ಲಿ ಸ್ವಲ್ಪ ಕತ್ತರಿಸಬೇಕಾಯಿತು, ಕನ್ಸೋಲ್ ಮುಚ್ಚಿಕೊಳ್ಳುವುದರಿಂದ ಕಾಣುವುದಿಲ್ಲ.

ಇನ್ನು ಆಕ್ಸಲ್. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ, ಅಥವಾ ಹೇಳಿದ್ದರೂ ನಾನು ಕೇಳಿಸಿಕೊಳ್ಳಲಿಲ್ಲ. 3.00 ಆಕ್ಸಲ್‌ಗೆ 0.68ರ ಐದನೇ ಗೇರು ಸೇರಿದರೆ 60 ಮೈಲಿ ವೇಗದಲ್ಲಿ ಇಂಜಿನ್ 1,600 ಮಾತ್ರ. ಸಣ್ಣ ಮೇಲ್ಸೇತುವೆ ಬಂದರೂ ಏದುಸಿರು. ನಾಲ್ಕಕ್ಕೆ ಇಳಿಸಬೇಕು. ಒಂದು ಬೇಸಿಗೆ ಹಾಗೇ ಓಡಿಸಿ, ಆಮೇಲೆ 900 ಡಾಲರ್ ಕೊಟ್ಟು ಹಿಂದಿನ ಗೇರ್ ಜೋಡಿ 3.55 ಮಾಡಿಸಿದೆ. ಈಗ 70ರಲ್ಲಿ 2,200ರ ಹತ್ತಿರ ತಿರುಗುತ್ತದೆ, ಅದು ಸರಿಯಾದ ಜಾಗ. ಆಟೋಮ್ಯಾಟಿಕ್ ಕಾರುಗಳಿಗೆ ಹೆಚ್ಚಾಗಿ ಇಂಥ ಚಿಕ್ಕ ಅಂಕಿಯ ಆಕ್ಸಲ್ ಬಂದಿರುತ್ತದೆ, ಹಾಗಾಗಿ ಬಜೆಟ್ ಹಾಕುವಾಗ ಇದನ್ನೂ ಸೇರಿಸಿಕೊಂಡೇ ಹಾಕಿ. ನನ್ನ ಒಟ್ಟು ಲೆಕ್ಕ ಸುಮಾರು 6,200 ಡಾಲರ್, ಅದರಲ್ಲಿ ಮಜೂರಿ 1,600. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಕಿತ್ತ ಸಿ4 ಗ್ಯಾರೇಜಿನ ಮೂಲೆಯಲ್ಲಿದೆ, ಪ್ಲಾಸ್ಟಿಕ್ ಸುತ್ತಿ, ಬೋಲ್ಟುಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ, ಮೇಲೆ ಚೀಟಿ ಅಂಟಿಸಿ ಇಟ್ಟಿದ್ದೇನೆ. ಬಾಗಿಲಿನ ತಗಡಿನ ಮೇಲೆ ಆಟೋಮ್ಯಾಟಿಕ್ ಅಂತ ಕೋಡ್ ಇದೆ, ಮುಂದೆ ಕೊಳ್ಳುವವನು ಕಾರ್ಖಾನೆಯಿಂದ ಬಂದ ಹಾಗೇ ಬೇಕು ಅಂದರೆ ವಾಪಸ್ ಹಾಕಿಕೊಳ್ಳಲಿ. ಇದನ್ನು ಎಸೆಯಬೇಡಿ, ಮಾರಬೇಡಿ.

ಅಪ್ಪ ಬೇಸಿಗೆಯಲ್ಲಿ ಬಂದಿದ್ದರು. ಇಲ್ಲಿ ಓಡಿಸಲ್ಲ, ರಸ್ತೆಯ ಬಲಗಡೆ ನನಗೆ ಆಗಲ್ಲ ಅಂತ ಹಟ. ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋಗಿ ಕೀ ಕೊಟ್ಟೆ. ಕ್ಲಚ್ ಒತ್ತಿ ನೋಡಿದರು, ಎರಡು ಸಲ ಗೇರ್ ಕಡ್ಡಿ ಅಲ್ಲಾಡಿಸಿದರು, ರಿವರ್ಸ್ ಎಲ್ಲಿ ಅಂದರು. ಬಲಗಡೆ ಕೆಳಗೆ, ಐದರ ಕೆಳಗೆ ಅಂದೆ. ಮುಕ್ಕಾಲು ಗಂಟೆ ಆ ಪಾರ್ಕಿಂಗ್ ಜಾಗ ಸುತ್ತಿದರು. ಎರಡನೇ ಗೇರಿನ ಮೇಲೆ ಹೋಗಲೇ ಇಲ್ಲ. ಇಳಿದು, “ಕ್ಲಚ್ ಚೂರು ಮೇಲೆ ಹಿಡೀತಿದೆ, ಕೇಬಲ್ ನೋಡಿಸು” ಅಂದರು. ಯಜಮಾನರ ಹತ್ತಿರ ತೋರಿಸಿದೆ. ನಿಜ, ಕೇಬಲ್ ಬಿಗಿ ಸರಿ ಇರಲಿಲ್ಲ, ಎರಡು ಸುತ್ತು ತಿರುಗಿಸಿದರು.

ಇನ್ನು ಬಾಕಿ ಇರುವುದು ಸ್ಪೀಡೋಮೀಟರ್. ಆಕ್ಸಲ್ ಬದಲಾದ ಮೇಲೆ 60ರಲ್ಲಿ ಹೋಗುತ್ತಿದ್ದರೆ 71 ತೋರಿಸುತ್ತಿದೆ. ಅದನ್ನು ತಿರುಗಿಸುವ 18 ಹಲ್ಲಿನ ಪ್ಲಾಸ್ಟಿಕ್ ಗೇರ್ ತೆಗೆದು 21 ಹಲ್ಲಿನದ್ದು ಹಾಕಬೇಕು, ಹದಿನೈದು ಡಾಲರ್, ಆರ್ಡರ್ ಮಾಡಿದ್ದೇನೆ. ಈ ಸಲ ಬೇರೆ ಅಂಗಡಿಯಿಂದ.